ಓದುಗರ ಪ್ರಶ್ನೆ: ನಮ್ಮ ಹೆದ್ದಾರಿ 63 ಅಥವಾ 67?

ಪ್ರಶ್ನೆ: ಗದಗ, ಕೊಪ್ಪಳ, ಹೊಸಪೇಟೆ, ಬಳ್ಳಾರಿ ರಸ್ತೆಯನ್ನು ಎಲ್ಲರೂ ಎನ್‌ಎಚ್ 63 ಅಂತಾರೆ. ಬೋರ್ಡ್ ಮೇಲೆ ಮಾತ್ರ 67 ಅಂತ ಇದೆ. ಯಾವುದು ಸರಿ? 67 ಅಂದ್ರೆ 63ರ ಹೊಸ ನಂಬರ್ ಅಷ್ಟೇ ಅಲ್ವಾ?

67 ಸರಿ. ಮೊದಲ ಪ್ರಶ್ನೆಗೆ ಇಷ್ಟೇ ಉತ್ತರ. ಆದರೆ ಎರಡನೆಯದರಲ್ಲಿ ಒಂದು "ಅಷ್ಟೇ ಅಲ್ವಾ" ಇದೆ. ಅದು ನನ್ನನ್ನು ವರ್ಷಗಟ್ಟಲೆ ಕಾಡಿದೆ. ಇದಕ್ಕೆ ಎಷ್ಟು ಸಲ ಉತ್ತರ ಬರೆದರೂ ಮತ್ತೆ ಅದೇ ಮಾತು ಬರುತ್ತದೆ. ಈ ಸಲ ಪೂರ್ತಿ ಬಿಡಿಸಿ ಹೇಳುತ್ತೇನೆ.

ಹಳೆಯ 63 ಅಂಕೋಲಾದಲ್ಲಿ ಶುರುವಾಗುತ್ತಿತ್ತು. ಯಲ್ಲಾಪುರ, ಕಲಘಟಗಿ, ಹುಬ್ಬಳ್ಳಿ, ಗದಗ, ಕೊಪ್ಪಳ, ಹೊಸಪೇಟೆ, ಬಳ್ಳಾರಿ, ಗುಂತಕಲ್ ದಾಟಿ ಆಂಧ್ರದ ಗುತ್ತಿಯಲ್ಲಿ ಮುಗಿಯುತ್ತಿತ್ತು. ಇವತ್ತಿನ 67 ಹಾಗಿಲ್ಲ. ಇದರ ಪಶ್ಚಿಮದ ತುದಿ ಅಂಕೋಲಾ ಅಲ್ಲ, ಉತ್ತರ ಕನ್ನಡದ ರಾಮನಗರ. ಅಲ್ಲಿ ಬೆಳಗಾವಿ–ಗೋವಾ ರಸ್ತೆಯನ್ನು ಸೇರುತ್ತದೆ. ಅಳ್ನಾವರ, ಧಾರವಾಡದ ಮೇಲೆ ಹುಬ್ಬಳ್ಳಿಗೆ ಬರುತ್ತದೆ. ಪೂರ್ವದಲ್ಲಿ ಗುತ್ತಿಗೇ ನಿಲ್ಲುವುದಿಲ್ಲ. ತಾಡಪತ್ರಿ, ಮೈದುಕೂರು, ಬದ್ವೇಲು, ಆತ್ಮಕೂರು, ನೆಲ್ಲೂರು ದಾಟಿ ಕೃಷ್ಣಪಟ್ಟಣಂ ಬಂದರಿಗೆ ಹೋಗುತ್ತದೆ. ಅಂದರೆ ಹುಬ್ಬಳ್ಳಿಯಿಂದ ಗುತ್ತಿವರೆಗಿನ ನಡುಭಾಗ ಮಾತ್ರ ಎರಡಕ್ಕೂ ಒಂದೇ. ಎರಡೂ ತುದಿಗಳು ಬೇರೆ. ಹಳೆಯದು ಅರಬ್ಬಿ ಸಮುದ್ರಕ್ಕೆ ಹೋಗುತ್ತಿತ್ತು, ಈಗಿನದು ಬಂಗಾಳ ಕೊಲ್ಲಿಗೆ ಹೋಗುತ್ತದೆ. ಇದನ್ನು "ನಂಬರ್ ಬದಲಾಯಿಸಿದ್ದಾರೆ ಅಷ್ಟೇ" ಅನ್ನೋದು ಹೇಗೆ?

"ಹಾಗಾದರೆ ಅಂಕೋಲಾ ರಸ್ತೆ ಏನಾಯಿತು?" ಅದು ಈಗ 52. ಪಂಜಾಬಿನ ಸಂಗ್ರೂರಿನಲ್ಲಿ ಹುಟ್ಟಿ, ಸೊಲ್ಲಾಪುರ, ವಿಜಯಪುರ, ಹುಬ್ಬಳ್ಳಿ ಮೇಲೆ ಅಂಕೋಲಾ ಮುಟ್ಟುತ್ತದೆ. ಆದ್ದರಿಂದ ಬಳ್ಳಾರಿಯಿಂದ ಕಾರವಾರದ ಕಡೆ ಹೊರಟವರು 67ರ ಬೋರ್ಡನ್ನೇ ನಂಬಿ ಹೋಗಬೇಡಿ. ಹುಬ್ಬಳ್ಳಿಯಲ್ಲಿ ಅದನ್ನು ಬಿಟ್ಟು 52 ಹಿಡಿಯಬೇಕು.

"63 ಅಂತ ಹುಡುಕಿದರೆ ನಿಜಾಮಾಬಾದ್ ಬರುತ್ತೆ, ಫೋನ್ ತಪ್ಪು ತೋರಿಸ್ತಿದೆ" ಅಂತ ಒಬ್ಬರು ಬರೆದಿದ್ದರು. ಫೋನ್ ಸರಿಯಾಗಿಯೇ ತೋರಿಸುತ್ತಿದೆ. 63 ಅನ್ನುವ ನಂಬರ್ ಈಗಲೂ ಇದೆ, ಆದರೆ ನಮ್ಮದಲ್ಲ. ಅದು ಮಹಾರಾಷ್ಟ್ರದಿಂದ ಬೋಧನ್, ನಿಜಾಮಾಬಾದ್, ಜಗಿತ್ಯಾಲ, ಮಂಚಿರ್ಯಾಲ ದಾಟಿ ಛತ್ತೀಸಗಡದ ಜಗದಲ್‌ಪುರದ ಕಡೆ ಹೋಗುತ್ತದೆ. ದಾರಿಯಲ್ಲಿ ಬಿಜಾಪುರ ಅನ್ನುವ ಊರೂ ಸಿಗುತ್ತದೆ. ಅದು ಛತ್ತೀಸಗಡದ ಬಿಜಾಪುರ, ನಮ್ಮ ವಿಜಯಪುರ ಅಲ್ಲ. ಇದನ್ನು ನೋಡಿ "63 ಬಿಜಾಪುರಕ್ಕೂ ಹೋಗುತ್ತೆ, ಅಂದ್ರೆ ನಮ್ಮದೇ" ಅಂತ ವಾದ ಮಾಡುವವರಿದ್ದಾರೆ.

ಇನ್ನೊಂದು ಕಡೆಯಿಂದಲೂ ಗೊಂದಲ ಬರುತ್ತದೆ. 67 ಅನ್ನುವ ನಂಬರ್ ಮೊದಲು ತಮಿಳುನಾಡಿನ ನಾಗಪಟ್ಟಣಂನಿಂದ ಕೊಯಮತ್ತೂರು, ಊಟಿ, ಬಂಡೀಪುರದ ಮೇಲೆ ಗುಂಡ್ಲುಪೇಟೆಗೆ ಬರುವ ರಸ್ತೆಯದಾಗಿತ್ತು. ಬಂಡೀಪುರದಲ್ಲಿ 2009ರಲ್ಲಿ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ವಾಹನ ಸಂಚಾರ ನಿಷೇಧಿಸಿದಾಗ ಸುದ್ದಿಯಲ್ಲಿ ಎನ್‌ಎಚ್ 67 ಅಂತಲೇ ಬಂತು. ಆ ಹಳೇ ಸುದ್ದಿ ಓದಿ ಕೊಪ್ಪಳದ ರಸ್ತೆಯಲ್ಲಿ ರಾತ್ರಿ ಬಿಡುತ್ತಾರೋ ಇಲ್ಲವೋ ಅಂತ ಕೇಳುವವರೂ ಇದ್ದಾರೆ. ಧಾರಾಳವಾಗಿ ಹೋಗಿ. ಗುಂಡ್ಲುಪೇಟೆ–ಊಟಿ ರಸ್ತೆ ಈಗ 181.

ನಂಬರ್‌ಗಳನ್ನೆಲ್ಲ ಯಾಕೆ ಹೀಗೆ ಕಲಸಿದರು? ಕಲಸಲಿಲ್ಲ, ಸರಿಯಾಗಿ ಜೋಡಿಸಿದರು. 2010ರಲ್ಲಿ ಇಡೀ ದೇಶದ ಹೆದ್ದಾರಿಗಳಿಗೆ ಒಂದು ಕ್ರಮ ತಂದರು. ಪೂರ್ವ–ಪಶ್ಚಿಮವಾಗಿ ಹೋಗುವ ಮುಖ್ಯ ರಸ್ತೆಗಳಿಗೆ ಬೆಸ ಸಂಖ್ಯೆ, ಉತ್ತರದಿಂದ ದಕ್ಷಿಣಕ್ಕೆ ಬಂದಂತೆ ಅದು ಏರುತ್ತದೆ. ಉತ್ತರ–ದಕ್ಷಿಣವಾಗಿ ಹೋಗುವವಕ್ಕೆ ಸಮ ಸಂಖ್ಯೆ, ಪೂರ್ವದಿಂದ ಪಶ್ಚಿಮಕ್ಕೆ ಏರಿಕೆ. ಈಗ ನಕಾಶೆ ತೆರೆದು ನೋಡಿ. ನಮಗಿಂತ ಮೇಲೆ ಪುಣೆ–ಹುಮನಾಬಾದ್–ಹೈದರಾಬಾದ್–ಮಚಲೀಪಟ್ಟಣಂ ರಸ್ತೆ, ಅದು 65. ನಮಗಿಂತ ಕೆಳಗೆ ಹೊನ್ನಾವರ–ಶಿವಮೊಗ್ಗ–ತುಮಕೂರು–ಕೋಲಾರ ರಸ್ತೆ, ಅದು 69. ನಡುವೆ ನಾವು, 67. ನನಗೆ ಈ ಲೆಕ್ಕ ತುಂಬಾ ಇಷ್ಟ. ಒಮ್ಮೆ ಅರ್ಥವಾದರೆ ಮಕ್ಕಳೂ ಮರೆಯುವುದಿಲ್ಲ.

ಹೊಸಪೇಟೆ–ಹಿಟ್ನಾಳ ಕ್ರಾಸ್ ನಡುವೆ ಒಂದೇ ರಸ್ತೆಗೆ ಎರಡು ನಂಬರ್ ಇರುವುದಕ್ಕೂ ಕಾರಣ ಇದೇ. ಕುಷ್ಟಗಿಯಿಂದ ಚಿತ್ರದುರ್ಗಕ್ಕೆ ಇಳಿಯುವ 50, ಅಂದರೆ ಹಳೆಯ 13, ಕೊಪ್ಪಳದಿಂದ ಬರುವ 67ರ ಜೊತೆ ಅಲ್ಲಿ ಸೇರಿ ತುಂಗಭದ್ರೆ ದಾಟುತ್ತದೆ.

ಇಷ್ಟಾದರೂ 63 ಜನರ ಬಾಯಿಂದ ಹೋಗಿಲ್ಲ. ಅದಕ್ಕೆ ಕಾರಣ ಅದಿರು ಲಾರಿಗಳು ಅಂತ ನಾನು ಖಚಿತವಾಗಿ ನಂಬುತ್ತೇನೆ. ಗಣಿ ಜೋರಾಗಿದ್ದ ವರ್ಷಗಳಲ್ಲಿ ಸಂಡೂರು, ಹೊಸಪೇಟೆಯ ಅದಿರು ಇದೇ ರಸ್ತೆ ಹಿಡಿದು ಅಂಕೋಲಾ ಪಕ್ಕದ ಬೇಲೆಕೇರಿ ಬಂದರಿಗೆ ಹೋಯಿತು. ರಸ್ತೆ ಕೆಂಪಾಯಿತು, ಗುಂಡಿ ಬಿತ್ತು, ಎಷ್ಟೋ ಮನೆಗಳವರು ಅಪಘಾತದಲ್ಲಿ ಹೋದರು. ಆ ಸಂಕಟದ ದಿನಗಳಲ್ಲಿ ಪ್ರತಿಭಟನೆ, ಸುದ್ದಿ, ಮನವಿ ಎಲ್ಲದರಲ್ಲೂ ಇದ್ದದ್ದು 63. 2010ರಲ್ಲಿ ರಾಜ್ಯ ಸರ್ಕಾರ ಅದಿರು ರಫ್ತು ನಿಲ್ಲಿಸಿತು. 2011ರ ಜುಲೈಯಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯಲ್ಲಿ ಗಣಿಗಾರಿಕೆಗೇ ತಡೆ ಹಾಕಿತು. ಹೊಸ ನಂಬರ್ ಬಂದದ್ದೂ ಅದೇ ಹೊತ್ತಿಗೆ. ಆಗ ಬೋರ್ಡ್ ನೋಡುವ ಪುರುಸೊತ್ತು ಯಾರಿಗಿತ್ತು?

ಇಲ್ಲಿ ಯಾರೂ ಕೇಳದ ಒಂದು ವಿಷಯವನ್ನೂ ಹೇಳಿಬಿಡುತ್ತೇನೆ. 67ಕ್ಕೆ ಒಂದು ಕವಲು ಇದೆ, 167. ಬಳ್ಳಾರಿಯ ಪೂರ್ವಕ್ಕೆ ಹಗರಿಯಲ್ಲಿ ಹೊರಟು ರಾಯಚೂರಿಗೆ ಹೋಗಿ, ಮುಂದೆ ಮಹಬೂಬ್‌ನಗರದ ಕಡೆ ಸಾಗುತ್ತದೆ. ನಮ್ಮ ಎರಡು ಜಿಲ್ಲೆಗಳನ್ನು ಸೇರಿಸುವ ಈ ರಾಷ್ಟ್ರೀಯ ಹೆದ್ದಾರಿ ನಡುವೆ ಬಹುಪಾಲು ಆಂಧ್ರದೊಳಗೆ ಓಡುತ್ತದೆ: ಆಲೂರು, ಆದೋನಿ, ಮಾಧವರಂ. ಯಾಕೆ ಗೊತ್ತಾ? ಆಲೂರು, ಆದೋನಿ ಎರಡೂ ಬಳ್ಳಾರಿ ಜಿಲ್ಲೆಯ ತಾಲೂಕುಗಳೇ ಆಗಿದ್ದವು. ಆಗ ಇಡೀ ಬಳ್ಳಾರಿ ಜಿಲ್ಲೆ ಮದರಾಸಿಗೆ ಸೇರಿತ್ತು. ಹೊಳೆ ದಾಟಿದರೆ ಕೊಪ್ಪಳ, ರಾಯಚೂರು ನಿಜಾಮರ ಹೈದರಾಬಾದು. ಗದಗ, ಹುಬ್ಬಳ್ಳಿ ಮುಂಬಯಿ. ಈಗ ಒಂದೇ ನಂಬರ್ ಇರುವ ರಸ್ತೆ ಆಗ ಮೂರು ಆಡಳಿತಗಳ ಕೆಳಗಿತ್ತು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿದಾಗ ಆಲೂರು, ಆದೋನಿ, ರಾಯದುರ್ಗ ಆ ಕಡೆ ಹೋದವು. ಬಳ್ಳಾರಿ ತಾಲೂಕು ಯಾರಿಗೆ ಅನ್ನುವುದೂ ದೊಡ್ಡ ಜಗಳವಾಗಿತ್ತು. ನ್ಯಾಯಮೂರ್ತಿ ಎಲ್.ಎಸ್. ಮಿಶ್ರಾ ಅವರ ವರದಿಯ ಮೇಲೆ ಅದು ಮೈಸೂರಿಗೆ ಬಂತು. ಗಡಿ ಸರಿಯಿತು, ಆದರೆ ಊರುಗಳು ಇದ್ದಲ್ಲೇ ಇದ್ದವು. ಅವುಗಳ ನಡುವಿನ ಓಡಾಟವೂ ನಿಲ್ಲಲಿಲ್ಲ.

ಬಳ್ಳಾರಿಯಿಂದ ರಾಯಚೂರಿಗೆ ಕರ್ನಾಟಕದೊಳಗೇ ಹೋಗಬೇಕು ಅನ್ನುವವರು 167ರ ಸುದ್ದಿಗೆ ಹೋಗಬೇಡಿ. 150ಎ ಹಿಡಿಯಿರಿ. ಜೇವರ್ಗಿ–ಚಾಮರಾಜನಗರ ರಸ್ತೆ ಅದು. ಸಿರುಗುಪ್ಪ ದಾಟಿ, ದಢೇಸುಗೂರಿನಲ್ಲಿ ಹೊಳೆ ದಾಟಿ ಸಿಂಧನೂರು ಸೇರಿ, ಅಲ್ಲಿ ಬಲಕ್ಕೆ ಮಾನ್ವಿ ರಸ್ತೆಗೆ ತಿರುಗಿ.