ಕಥೆಯಲ್ಲಿ ಕೊಲೆ ಬರೆದರೆ ಶಾಲೆಯವರು ಶಿಕ್ಷೆ ಕೊಡಬಹುದಾ?

ಪ್ರಶ್ನೆ: ನಮ್ಮ ಮಗಳು ಅಮೆರಿಕದಲ್ಲಿ ಹೈಸ್ಕೂಲ್ ಓದುತ್ತಿದ್ದಾಳೆ. ಅವಳಿಗೆ ಹಾರರ್ ಕಥೆ ಬರೆಯುವ ಹುಚ್ಚು. ಕಥೆಯಲ್ಲಿ ಕೊಲೆ, ರಕ್ತ ಎಲ್ಲ ಇರುತ್ತದೆ. ಇದಕ್ಕೆ ಶಾಲೆಯವರು ಸಸ್ಪೆಂಡ್ ಮಾಡಬಹುದಾ? ಅಲ್ಲಿ ವಾಕ್ ಸ್ವಾತಂತ್ರ್ಯ ಇದೆ ಅಲ್ವಾ?

ಇದೆ. ಆದರೂ ಸಸ್ಪೆಂಡ್ ಮಾಡುತ್ತಾರೆ, ಎಷ್ಟೋ ಸಲ ಕೋರ್ಟ್ ಕೂಡ ಅದನ್ನು ಒಪ್ಪಿದೆ.

ಈ ಭಯ ಜಾಸ್ತಿ ಆಗಿದ್ದು 1999ರ ಏಪ್ರಿಲ್‌ನಲ್ಲಿ ಕೊಲೊರಾಡೊದ ಕೊಲಂಬೈನ್ ಹೈಸ್ಕೂಲಿನಲ್ಲಿ ನಡೆದ ಗುಂಡಿನ ದಾಳಿಯ ನಂತರ. ಅದೇ ವರ್ಷ ಟೆಕ್ಸಸ್‌ನ ಪಾಂಡರ್ ಎಂಬ ಊರಿನಲ್ಲಿ, ಹ್ಯಾಲೋವೀನ್‌ಗೆ ಹೆದರಿಕೆಯ ಕಥೆ ಬರೆಯಿರಿ ಎಂದು ಶಾಲೆಯಲ್ಲೇ ಹೋಂವರ್ಕ್ ಕೊಟ್ಟರು. 13 ವರ್ಷದ ಹುಡುಗನೊಬ್ಬ ಬರೆದ. ಕಥೆಯಲ್ಲಿ ಟೀಚರಿಗೂ ಸಹಪಾಠಿಗಳಿಗೂ ಗುಂಡು ಬೀಳುತ್ತದೆ, ಅದೂ ಅವರ ನಿಜ ಹೆಸರಿನಲ್ಲೇ. ಕಥೆಗೆ ಒಳ್ಳೆಯ ಅಂಕ ಬಂತು. ಆಮೇಲೆ ಪೊಲೀಸರೂ ಬಂದರು! ಹುಡುಗ ಕೆಲವು ದಿನ ಬಾಲಾಪರಾಧಿಗಳ ಬಂಧನ ಕೇಂದ್ರದಲ್ಲಿ ಇರಬೇಕಾಯಿತು. ಕೊನೆಗೆ ಮೊಕದ್ದಮೆಯನ್ನೇ ಹೂಡಲಿಲ್ಲ.

ಜೈಲಿಗೆ ಹಾಕುವುದಕ್ಕೂ ಶಾಲೆಯಿಂದ ಹೊರಗಿಡುವುದಕ್ಕೂ ಕಾನೂನಿನ ಅಳತೆ ಬೇರೆ ಬೇರೆ. ಕ್ರಿಮಿನಲ್ ಕೇಸಿನಲ್ಲಿ ಬರಹವು ನಿಜವಾದ ಬೆದರಿಕೆ ಎಂದು ಸಾಬೀತು ಮಾಡಬೇಕು. ಕ್ಯಾಲಿಫೋರ್ನಿಯಾದಲ್ಲಿ 15 ವರ್ಷದ ಹುಡುಗನೊಬ್ಬ, ಮಕ್ಕಳನ್ನು ಕೊಲ್ಲಲು ಶಾಲೆಗೆ ಬಂದೂಕು ತರುವವನು ತಾನೂ ಆಗಬಹುದು ಎಂಬ ಅರ್ಥದ ಪದ್ಯ ಬರೆದು ಸಹಪಾಠಿಗಳಿಗೆ ಕೊಟ್ಟಿದ್ದ. ಕೆಳಗಿನ ಕೋರ್ಟ್ ಅವನನ್ನು ತಪ್ಪಿತಸ್ಥ ಎಂದಿತು. 2004ರಲ್ಲಿ ಆ ರಾಜ್ಯದ ಸುಪ್ರೀಂ ಕೋರ್ಟ್ ತೀರ್ಪನ್ನು ತಳ್ಳಿಹಾಕಿತು. ಪದ್ಯಕ್ಕೆ ಹಲವು ಅರ್ಥ ಇರಬಹುದು, ಇದು ಸ್ಪಷ್ಟವಾದ ಬೆದರಿಕೆಯಲ್ಲ ಎಂಬುದು ಅದರ ವಾದ.

ಶಾಲೆಗೆ ಇಷ್ಟೆಲ್ಲ ಸಾಬೀತು ಮಾಡುವ ಹೊರೆ ಇಲ್ಲ. ಪಾಠಕ್ಕೆ ದೊಡ್ಡ ಅಡ್ಡಿಯಾಗುತ್ತದೆ ಎಂದು ನಂಬಲು ಆಧಾರ ಇದ್ದರೆ ಸರ್ಕಾರಿ ಶಾಲೆ ವಿದ್ಯಾರ್ಥಿಯ ಮಾತನ್ನು ತಡೆಯಬಹುದು. ಈ ಅಳತೆಗೋಲನ್ನು 1969ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟೇ ಹಾಕಿಕೊಟ್ಟಿತು. ಜಾರ್ಜಿಯಾದ ಹುಡುಗಿಯೊಬ್ಬಳು ತನ್ನ ನೋಟ್‌ಬುಕ್ಕಿನಲ್ಲಿ, ಗಣಿತದ ಮೇಷ್ಟ್ರಿಗೆ ಗುಂಡು ಹೊಡೆಯುವ ಕನಸಿನ ಕಥೆ ಬರೆದಿದ್ದಳು. ಅದು ಕಥೆ ಎಂದೇ ಅವಳ ಕಡೆಯವರು ವಾದಿಸಿದರು. ಆದರೂ 2007ರಲ್ಲಿ ಮೇಲ್ಮನವಿ ಕೋರ್ಟ್ ಅವಳ ಸಸ್ಪೆನ್ಷನ್ ಸರಿ ಎಂದಿತು. ಹಾಗಾಗಿ ‘ಇದು ಬರೀ ಕಥೆ’ ಅನ್ನುವ ಮಾತೊಂದನ್ನೇ ನೆಚ್ಚಿಕೊಂಡು ಕೂರಬೇಡಿ.

ನನಗೆ ಹೆಚ್ಚು ಒಪ್ಪಿಗೆಯಾದದ್ದು ವಾಷಿಂಗ್ಟನ್ ರಾಜ್ಯದ ಬ್ಲೇನ್ ಶಾಲೆಯ ಪ್ರಕರಣ. 1998ರಲ್ಲಿ ಒಬ್ಬ ಹುಡುಗ, ಶಾಲೆಯಲ್ಲಿ ಗುಂಡು ಹಾರಿಸುವವನೇ ಮಾತಾಡುವಂಥ ಪದ್ಯ ಬರೆದು, ಹೇಗಿದೆ ಹೇಳಿ ಎಂದು ಇಂಗ್ಲಿಷ್ ಟೀಚರಿಗೆ ಕೊಟ್ಟ. ಅವನಿಗೆ ಹಿಂದೆ ಆತ್ಮಹತ್ಯೆಯ ಯೋಚನೆ ಬಂದಿತ್ತು, ಮನೆಯಲ್ಲೂ ಜಗಳ. ಶಾಲೆ ಹೊರಗೆ ಹಾಕಿತು, ಮನೋವೈದ್ಯರು ನೋಡಿದ ಮೇಲೆ ವಾಪಸ್ ಸೇರಿಸಿಕೊಂಡಿತು. 2001ರಲ್ಲಿ ಕೋರ್ಟ್ ಹೇಳಿದ್ದು ಇಷ್ಟು: ಇವೆಲ್ಲವನ್ನೂ ಒಟ್ಟಿಗೆ ನೋಡಿದರೆ ಆ ಹೊತ್ತಿಗೆ ಹೊರಗಿಟ್ಟದ್ದು ತಪ್ಪಲ್ಲ. ಆದರೆ ಅಪಾಯ ಇಲ್ಲ ಎಂದು ಗೊತ್ತಾದ ಮೇಲೂ ಅವನ ಫೈಲಿನಲ್ಲಿ ಕಪ್ಪುಚುಕ್ಕೆ ಉಳಿಸುವಂತಿಲ್ಲ.

ಶಾಲೆಯವರ ಭಯ ಪೂರ್ತಿ ಸುಳ್ಳೂ ಅಲ್ಲ. 2002ರಲ್ಲಿ ಅಮೆರಿಕದ ಸೀಕ್ರೆಟ್ ಸರ್ವಿಸ್ (ಅಧ್ಯಕ್ಷರ ಭದ್ರತೆ ನೋಡಿಕೊಳ್ಳುವ ಸಂಸ್ಥೆ) ಮತ್ತು ಶಿಕ್ಷಣ ಇಲಾಖೆ ಒಟ್ಟಾಗಿ, ಶಾಲೆಗಳಲ್ಲಿ ದಾಳಿ ನಡೆಸಿದ 41 ಮಂದಿಯ ಹಿನ್ನೆಲೆ ಪರಿಶೀಲಿಸಿ ವರದಿ ಕೊಟ್ಟವು. ಅವರಲ್ಲಿ 15 ಮಂದಿಯ ಪದ್ಯ, ಪ್ರಬಂಧ, ಡೈರಿಗಳಲ್ಲಿ ಹಿಂಸೆಯ ಬಗ್ಗೆ ಆಸಕ್ತಿ ಕಂಡಿತ್ತು. ಆದರೆ ಈ ಲೆಕ್ಕವನ್ನು ತಿರುಗಿಸಿ ಓದಬಾರದು. ಹಿಂಸೆಯ ಕಥೆ ಬರೆಯುವ ಲಕ್ಷಾಂತರ ಮಕ್ಕಳು ಸುಮ್ನೆ ಬರೆಯುತ್ತಾರೆ, ಅಷ್ಟೇ. ದಾಳಿಕೋರರು ಹೀಗೇ ಇರುತ್ತಾರೆ ಎಂಬ ಅಚ್ಚು ಇಲ್ಲ ಎಂದು ಅದೇ ವರದಿ ಹೇಳಿದೆ. ಬರಹ ನೋಡಿ ಗಾಬರಿಯಾದರೆ ಮಗುವನ್ನು ಕೂರಿಸಿ ಮಾತಾಡಿಸಬೇಕು. ನಿಜಕ್ಕೂ ಸಂಕಟದಲ್ಲಿರುವ ಹುಡುಗನನ್ನು ಮನೆಗೆ ಕಳಿಸಿಬಿಟ್ಟರೆ ಅವನನ್ನು ಗಮನಿಸುತ್ತಿದ್ದ ನಾಲ್ಕು ಕಣ್ಣೂ ತಪ್ಪಿದಂತೆ. ಇದನ್ನು ಶಿಸ್ತು ಅನ್ನುವುದು ನನಗೆ ಒಪ್ಪಿಗೆಯಿಲ್ಲ.

ನಿಮ್ಮ ಮಗಳಿಗೆ ಒಂದು ಮಾತು ಹೇಳಿ: ಕಥೆಯಲ್ಲಿ ಎಷ್ಟು ಹೆಣ ಬೇಕಾದರೂ ಬೀಳಲಿ, ನಿಜವಾದ ಟೀಚರ್, ಸಹಪಾಠಿ, ಶಾಲೆಯ ಹೆಸರು ಮಾತ್ರ ಬೇಡ. ಟೀಚರ್ ಕೊಟ್ಟ ಹೋಂವರ್ಕ್ ಹಾಳೆಯನ್ನು ಎಸೆಯುವುದೂ ಬೇಡ, ಕಥೆ ಬರೆಯಲು ಹೇಳಿದ್ದು ಶಾಲೆಯೇ ಎಂದು ತೋರಿಸಲು ಅದು ಬೇಕಾಗುತ್ತದೆ.

ಅಕಸ್ಮಾತ್ ಶಿಕ್ಷೆ ಆದರೆ, ಕಾರಣವನ್ನು ಬರಹದಲ್ಲಿ ಕೇಳಿ. ಹತ್ತು ದಿನದೊಳಗಿನ ಸಸ್ಪೆನ್ಷನ್ ಆದರೂ, ಆರೋಪ ಏನೆಂದು ತಿಳಿಸಿ ಮಗುವಿನ ಮಾತು ಕೇಳಲೇಬೇಕು ಎಂದು 1975ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ಶಾಲೆಯ ಫೈಲು ನೋಡಲು ಕೇಳಿದರೆ 45 ದಿನದೊಳಗೆ ತೋರಿಸಬೇಕು, ತಪ್ಪಿದ್ದರೆ ತಿದ್ದಿ ಎಂದು ಅರ್ಜಿ ಕೊಡಬಹುದು. ಖಾಸಗಿ ಶಾಲೆಯಾದರೆ ವಾಕ್ ಸ್ವಾತಂತ್ರ್ಯದ ಈ ರಕ್ಷಣೆ ಅನ್ವಯಿಸುವುದಿಲ್ಲ. ಅಲ್ಲಿ ನೋಡಬೇಕಾದ್ದು ಸೇರುವಾಗ ನೀವು ಸಹಿ ಹಾಕಿದ ನಿಯಮಗಳನ್ನು.