ಹಳೆಯ ಸ್ಪೀಕರ್‌ನ ಕ್ರಾಸ್‌ಓವರ್ ದುರಸ್ತಿ: ಕೆಪಾಸಿಟರ್ ಬದಲಿಸುವ ಮುನ್ನ

ಎತ್ತರದ ಸ್ವರಗಳನ್ನು ಟ್ವೀಟರ್‌ಗೂ ತಗ್ಗಿನವನ್ನು ವೂಫರ್‌ಗೂ ಹಂಚುವ, ಸ್ಪೀಕರ್ ಪೆಟ್ಟಿಗೆಯೊಳಗಿನ ಸರ್ಕ್ಯೂಟೇ ಕ್ರಾಸ್‌ಓವರ್. ಟ್ವೀಟರ್ ಮಂಕಾದರೆ ಮೊದಲ ಅನುಮಾನ ಅದರಲ್ಲಿರುವ ನಾನ್-ಪೋಲಾರ್, ಅಂದರೆ ಧನ-ಋಣ ಗುರುತಿಲ್ಲದ, ಎಲೆಕ್ಟ್ರೋಲೈಟಿಕ್ ಕೆಪಾಸಿಟರ್ ಮೇಲೆ. ಒಳಗಿನ ದ್ರವ ವರ್ಷಗಳಲ್ಲಿ ಆರುತ್ತದೆ. ಆಗ ಕೆಪಾಸಿಟೆನ್ಸ್ ಬರೆದ ಮೌಲ್ಯದಿಂದ ಸರಿಯುತ್ತದೆ, ಒಳರೋಧ, ಅಂದರೆ ಇಎಸ್‌ಆರ್, ಏರುತ್ತದೆ.

ಒಂದು ಕಾಲನ್ನಾದರೂ ಬೆಸುಗೆಯಿಂದ ಬಿಡಿಸಿಯೇ ಅಳೆಯಿರಿ. ಬೋರ್ಡಿನಲ್ಲಿ ಇದ್ದಂತೆಯೇ ಅಳೆದರೆ ಪಕ್ಕದ ಕಾಯಿಲ್, ಡ್ರೈವರ್ (ಟ್ವೀಟರ್, ವೂಫರ್) ಎಲ್ಲವೂ ಲೆಕ್ಕಕ್ಕೆ ಸೇರಿಕೊಳ್ಳುತ್ತವೆ. ಒಳಗೆ ವಿದ್ಯುತ್ ಸೋರುವ ಕೆಪಾಸಿಟರ್ ಸಾದಾ ಮಲ್ಟಿಮೀಟರ್‌ನಲ್ಲಿ ನಿಜಕ್ಕಿಂತ ಹೆಚ್ಚು ಮೈಕ್ರೊಫ್ಯಾರಡ್ ತೋರಿಸುವುದೂ ಉಂಟು. ಹಾಗಾಗಿ ಇಎಸ್‌ಆರ್ ತೋರಿಸುವ ಎಲ್‌ಸಿಆರ್ ಮೀಟರ್ ಬೇಕು.

ಕ್ರಾಸ್‌ಓವರ್ ಆವರ್ತನದ (f) ಲೆಕ್ಕ ಸರಳ: f = 1 ÷ (2π × R × C); R ಟ್ವೀಟರ್‌ನ ಓಮ್, C ಫ್ಯಾರಡ್‌ನಲ್ಲಿ ಕೆಪಾಸಿಟೆನ್ಸ್. 8 ಓಮ್ ಟ್ವೀಟರ್‌ಗೆ 4.7 ಮೈಕ್ರೊಫ್ಯಾರಡ್ ಸರಣಿಯಲ್ಲಿದ್ದರೆ ಸುಮಾರು 4,230 ಹರ್ಟ್ಸ್. ಅದೇ 3.3ಕ್ಕೆ ಇಳಿದರೆ ಸುಮಾರು 6,030 ಹರ್ಟ್ಸ್; ನಡುವಿನ ಸ್ವರಗಳಲ್ಲಿ ಗುಂಡಿ ಬೀಳುತ್ತದೆ. (ಟ್ವೀಟರ್‌ನ ಇಂಪಿಡೆನ್ಸ್, ಅಂದರೆ ಒಟ್ಟು ರೋಧ, ಎಲ್ಲ ಆವರ್ತನಗಳಲ್ಲೂ 8 ಓಮ್ ಇರುವುದಿಲ್ಲ, ಇದು ಅಂದಾಜು ಮಾತ್ರ.) ಇಎಸ್‌ಆರ್ 3 ಓಮ್ ಆಯಿತೆನ್ನಿ, ಟ್ವೀಟರ್ ಮಟ್ಟ ಸುಮಾರು 2.8 ಡೆಸಿಬೆಲ್ ಕುಗ್ಗುತ್ತದೆ.

ಬದಲಿಗೆ ದುಬಾರಿ ಫಿಲ್ಮ್ ಕೆಪಾಸಿಟರ್ ಹಾಕಿ, ಟ್ವೀಟರ್ ಚುಚ್ಚುತ್ತಿದೆ ಎಂದು ದೂರುವವರೂ ಉಂಟು. ಫಿಲ್ಮ್‌ನ ಇಎಸ್‌ಆರ್ ತೀರಾ ಕಡಿಮೆ. ಮೂಲ ವಿನ್ಯಾಸ ಎಲೆಕ್ಟ್ರೋಲೈಟಿಕ್‌ನ ಅಲ್ಪ ರೋಧವನ್ನೂ ಎಣಿಸಿಯೇ ಮಾಡಿದ್ದಿರಬಹುದು. ಸರಣಿಯಲ್ಲಿ 0.3ರಿಂದ 0.5 ಓಮ್ ರೆಸಿಸ್ಟರ್ ಸೇರಿಸಿ ಕೇಳಿ ನೋಡಿ. ಎರಡು ಪೆಟ್ಟಿಗೆಗಳ ಕೆಪಾಸಿಟರ್‌ಗಳನ್ನೂ ಒಟ್ಟಿಗೇ ಬದಲಿಸಿ, ಮೌಲ್ಯಗಳು ಒಂದಕ್ಕೊಂದು ಹೊಂದುವಂತೆ ಆರಿಸಿ. ಹೊಸದರ ವೋಲ್ಟೇಜ್ ಮಿತಿ ಹಳೆಯದರಷ್ಟು ಅಥವಾ ಹೆಚ್ಚಿರಲಿ, ಸಾಮಾನ್ಯವಾಗಿ 100 ವೋಲ್ಟ್ ಸಾಕು. ಧನ-ಋಣ ಗುರುತಿರುವ ಸಾದಾ ಎಲೆಕ್ಟ್ರೋಲೈಟಿಕ್ ಒಂದನ್ನೇ ಹಾಕಲೇಬೇಡಿ.

ಕಾಯಿಲ್ ಕೆಡುವುದು ಅಪರೂಪ, ಮುಟ್ಟಬೇಡಿ. ಬೇರೆ ಕಾಯಿಲ್ ಹಾಕಿದರೆ ತಂತಿಯ ರೋಧವೂ ಬದಲಾಗಿ ವೂಫರ್‌ನ ದನಿಯೇ ಬೇರೆಯಾಗುತ್ತದೆ. ಸಿಮೆಂಟ್ ರೆಸಿಸ್ಟರ್ ಬರೆದ ಮೌಲ್ಯದಿಂದ ಶೇ. 10ಕ್ಕಿಂತ ದೂರ ಸರಿದಿದ್ದರೆ ಬದಲಿಸಿ.

ಹಿಂಬದಿಯಲ್ಲಿ ದನಿಯ ಮಟ್ಟ ಹೊಂದಿಸುವ ತಿರುಗುಗುಂಡಿ, ಅಂದರೆ ಎಲ್-ಪ್ಯಾಡ್, ತಿರುಗಿಸಿದಾಗ ಕರಕರ ಎಂದರೆ ಅಥವಾ ದನಿ ಹೋಗಿ ಬಂದರೆ, ಒಳಗೆ ತುಕ್ಕು. ಕಾಂಟ್ಯಾಕ್ಟ್ ಕ್ಲೀನರ್ ಸಿಂಪಡಿಸಿ ಇಪ್ಪತ್ತು ಸಲ ತಿರುಗಿಸಿ. ಹೊಸ ಕೆಪಾಸಿಟರ್ ಕೊಳ್ಳುವ ಮೊದಲೇ ಇದನ್ನು ಮಾಡಿ. ಟ್ವೀಟರ್ ಸತ್ತಂತೆ ಕಂಡದ್ದಕ್ಕೆ ಇದೊಂದೇ ಕಾರಣವಾಗಿರುವುದು ಉಂಟು.

ಬಿಚ್ಚುವ ಮುನ್ನ ಪ್ರತಿ ತಂತಿಯ ಚಿತ್ರ ತೆಗೆದಿಡಿ. ಕೆಲವು ವಿನ್ಯಾಸಗಳಲ್ಲಿ ಟ್ವೀಟರ್‌ನ ಧನ-ಋಣವನ್ನು ಬೇಕೆಂದೇ ಅದಲುಬದಲು ಮಾಡಿರುತ್ತಾರೆ. ಅದನ್ನು ತಪ್ಪೆಂದು ‘ಸರಿಪಡಿಸಿದರೆ’ ಕ್ರಾಸ್‌ಓವರ್ ಆವರ್ತನದ ಸುತ್ತ ಎರಡೂ ಡ್ರೈವರ್‌ಗಳ ದನಿ ಒಂದನ್ನೊಂದು ಅಳಿಸುತ್ತದೆ.