ನ್ಯಾಟ್‌ಸಾರ್ಟ್ ಮೇಲೆ ತಪ್ಪು ಹೊರಿಸುವ ಮುಂಚೆ

"ಅಣ್ಣಾ, ನ್ಯಾಟ್‌ಸಾರ್ಟ್ ಹಾಕಿದೆ. ಆದ್ರೂ ಪಟ್ಟಿ ಹಾಗೇ ಇದೆ."

ಮಡಿಕೇರಿಯಲ್ಲಿ ನನ್ನ ಹತ್ತಿರ ಪಿಎಚ್‌ಪಿ (ವೆಬ್ ಪುಟಗಳ ಕೋಡ್ ಬರೆಯುವ ಭಾಷೆ) ಕಲಿಯಲು ಬರುವ ಹುಡುಗರ ಬಾಯಲ್ಲಿ ಈ ಮಾತು ಕೇಳಿ ಕೇಳಿ ಸಾಕಾಗಿದೆ. ಅಕ್ಷರಕ್ಕೆ ಅಕ್ಷರ ಹೋಲಿಸಿದರೆ 'ಬ್ಲಾಕ್ 2'ಕ್ಕಿಂತ 'ಬ್ಲಾಕ್ 10' ಮೊದಲು ಬರುತ್ತದೆ, ಅದು ಎಲ್ಲರಿಗೂ ಗೊತ್ತು. ಸಂಖ್ಯೆ ನೋಡಿ 2, ಆಮೇಲೆ 10 ಅಂತ ಜೋಡಿಸಲೆಂದೇ ಪಿಎಚ್‌ಪಿಯಲ್ಲಿ ನ್ಯಾಟ್‌ಸಾರ್ಟ್ ಎಂಬ ಫಂಕ್ಷನ್ ಇದೆ. ಎಡವುವುದು ಅದರ ಮುಂದಿನ ಹೆಜ್ಜೆಯಲ್ಲಿ.

ನ್ಯಾಟ್‌ಸಾರ್ಟ್ ಸಾಲನ್ನು ಬದಲಿಸುತ್ತದೆ, ಕೀಗಳನ್ನು, ಅಂದರೆ ಪ್ರತಿ ಹೆಸರಿಗೂ ಅಂಟಿಕೊಂಡ ಗುರುತುಗಳನ್ನು, ಮುಟ್ಟುವುದಿಲ್ಲ. ಅರೇಯಲ್ಲಿ (ಕೋಡ್ ಒಳಗಿನ ಪಟ್ಟಿಯಲ್ಲಿ) ಬ್ಲಾಕ್ 1, ಬ್ಲಾಕ್ 10, ಬ್ಲಾಕ್ 2 ಇವೆ ಅನ್ನಿ. ಕೀಗಳು 0, 1, 2. ನ್ಯಾಟ್‌ಸಾರ್ಟ್ ಆದಮೇಲೆ ಬ್ಲಾಕ್ 2 ನಡುವೆ ಬಂದು ನಿಲ್ಲುತ್ತದೆ, ಆದರೆ ಅದರ ಕೀ ಇನ್ನೂ 2. ಬ್ಲಾಕ್ 10ರ ಕೀ ಇನ್ನೂ 1. ನೀವು ಸೊನ್ನೆಯಿಂದ ಎಣಿಸುವ ಫೋರ್ ಲೂಪ್ ಬರೆದರೆ ಕೀ ನೋಡಿಯೇ ತೆಗೆಯುತ್ತೀರಿ, ಹಳೇ ಸಾಲೇ ಕೈಗೆ ಬರುತ್ತದೆ. ಫೋರ್‌ಈಚ್ ಬರೆಯಿರಿ, ಅದು ಕೀ ನೋಡದೆ ಈಗಿರುವ ಸಾಲಿನಲ್ಲೇ ತೆಗೆಯುತ್ತದೆ, ಸರಿಹೋಗುತ್ತದೆ.

ಫೋರ್‌ಈಚ್ ಬರೆದೂ ನಾವು ಸಿಕ್ಕಿಬಿದ್ದದ್ದಿದೆ. ಸುಂಟಿಕೊಪ್ಪ ಕಡೆಯ ಒಂದು ತೋಟಕ್ಕೆ ಕಾಫಿ ಕೊಯ್ಲಿನ ಲೆಕ್ಕ ಬರೆಯುವ ಪುಟ ಮಾಡಿಕೊಟ್ಟಿದ್ದೆವು. ನಮ್ಮ ಪರೀಕ್ಷೆಯ ಪುಟದಲ್ಲಿ ಎಲ್ಲ ಸರಿಯಿತ್ತು. ಸಂಜೆ ತೂಕದ ಹೊತ್ತಿಗೆ ತೋಟದ ರೈಟರ್ ಫೋನ್ ಮಾಡಿದರು. "ಸಾರ್, ಮೊಬೈಲಲ್ಲಿ 10ರ ಕೆಳಗೆ 2 ಬಂದಿದೆ. ಜನ ಚೀಲ ಹೊತ್ತು ನಿಂತಿದ್ದಾರೆ, ನಾನು ಬ್ಲಾಕ್ ಹುಡುಕ್ತಾ ಕೂರಲಾ?" ಇಡೀ ದಿನ ಕೊಯ್ದು ಬಂದವರನ್ನು ನಮ್ಮ ಒಂದು ಸಾಲಿನ ಕೋಡ್ ನಿಲ್ಲಿಸಿಟ್ಟಿತ್ತು. ಇವತ್ತಿಗೂ ನೆನೆದರೆ ಬೇಜಾರು.

ಆದದ್ದಿಷ್ಟು. ಕೀಗಳು ಹಿಂದುಮುಂದಾದ ಅರೇಯನ್ನು ಮೊಬೈಲಿಗೆ ಕಳಿಸಲು ಜೇಸನ್ (ಮಾಹಿತಿ ಕಳಿಸುವ ಒಂದು ಪಠ್ಯರೂಪ) ಮಾಡಿದರೆ ಪಟ್ಟಿಯ ಬದಲು ಆಬ್ಜೆಕ್ಟ್ ಸಿಗುತ್ತದೆ. ಬ್ರೌಸರಿನಲ್ಲಿ ಓಡುವ ಜಾವಾಸ್ಕ್ರಿಪ್ಟ್ ಅದರ ಅಂಕಿಯ ಕೀಗಳನ್ನು ಏರಿಕೆಯಲ್ಲೇ ಓದುತ್ತದೆ. ಮತ್ತೆ ಹಳೇ ಸಾಲು! ಕಳಿಸುವ ಮುಂಚೆ ಅರೇ_ವ್ಯಾಲ್ಯೂಸ್ ಹಾಕಿ, ಕೀಗಳು ಮತ್ತೆ 0, 1, 2 ಆಗುತ್ತವೆ. ಇಲ್ಲವೇ ಸಾರ್ಟ್‌ಗೇ ಸಾರ್ಟ್_ನ್ಯಾಚುರಲ್ ಫ್ಲ್ಯಾಗ್ ಕೊಡಿ, ಅದು ಕೀಗಳನ್ನೂ ಹೊಸದಾಗಿ ಹಾಕುತ್ತದೆ. ಪಿಎಚ್‌ಪಿ 5.4ರಿಂದಲೂ ಇದೆ. ಕೀಯಲ್ಲೇ ಬ್ಲಾಕಿನ ಐಡಿ ಇಟ್ಟಿದ್ದರೆ ಮಾತ್ರ ಇವೆರಡೂ ಬೇಡ, ಐಡಿ ಹೋಗಿಬಿಡುತ್ತದೆ.

ತೂಕಕ್ಕಂತೂ ನ್ಯಾಟ್‌ಸಾರ್ಟ್ ಬೇಡವೇ ಬೇಡ. ಚುಕ್ಕಿಯ ಆಚೆಯ 5 ಮತ್ತು 25ನ್ನು ಬೇರೆ ಸಂಖ್ಯೆಗಳೆಂದು ಓದಿ, 12.5 ಕಿಲೋವನ್ನು 12.25ಕ್ಕಿಂತ ಮೊದಲು ಇಡುತ್ತದೆ. ಕನ್ನಡ ಅಂಕಿ ೧೦ ಅದಕ್ಕೆ ಅಂಕಿಯಾಗಿ ಕಾಣುವುದೇ ಇಲ್ಲ. ಕನ್ನಡ ಅಂಕಿಯ ಪಟ್ಟಿಗೆ ಪಿಎಚ್‌ಪಿಗೆ ಸೇರಿಸಿಕೊಳ್ಳುವ ಇಂಟ್ಲ್ ಎಕ್ಸ್‌ಟೆನ್ಷನ್‌ನ ಕೊಲೇಟರ್ (ಭಾಷೆಗೆ ತಕ್ಕಂತೆ ಜೋಡಿಸುವ ಸಾಧನ) ಬಳಸಿ, ಅದರಲ್ಲಿ ನ್ಯೂಮರಿಕ್ ಕೊಲೇಶನ್ ಆನ್ ಮಾಡಿ. ಆ ಎಕ್ಸ್‌ಟೆನ್ಷನ್ ನಿಮ್ಮ ಸರ್ವರ್‌ನಲ್ಲಿ ಇದೆಯಾ ಅಂತ ಮೊದಲೇ ನೋಡಿಕೊಳ್ಳಿ.